ಇಟಾಲಿಯನ್ ಕುಟುಂಬದ ಜೊತೆ ಸಾರ್ಡೀನಿಯಾದ ಕಡಲತೀರದಲ್ಲಿ ಎರಡು ವಾರ: ಈಜು ಬಾರದ ಸಸ್ಯಾಹಾರಿ ಹೇಗೆ ತಯಾರಾಗಬೇಕು?

ನೀವು ಕೇಳಿರುವುದು ಇಷ್ಟು: ಮಿಲಾನ್‌ನಲ್ಲಿ ಓದುತ್ತಿದ್ದೀರಿ, ಒಂದು ಇಟಾಲಿಯನ್ ಕುಟುಂಬದ ಮನೆಯಲ್ಲಿದ್ದೀರಿ. ಆಗಸ್ಟ್‌ನಲ್ಲಿ ಅವರು ಸಾರ್ಡೀನಿಯಾದ ಸಾನ್ ತೆಯೊದೊರೊದಲ್ಲಿರುವ ತಮ್ಮ ಬೇಸಿಗೆ ಮನೆಗೆ ಎರಡು ವಾರ ನಿಮ್ಮನ್ನೂ ಕರೆದಿದ್ದಾರೆ. ನಿಮಗೆ ಈಜು ಬರುವುದಿಲ್ಲ, ಮಾಂಸ ಮೀನು ತಿನ್ನುವುದಿಲ್ಲ. ಏನು ಒಯ್ಯಬೇಕು, ಹೇಗಿರಬೇಕು, ಖರ್ಚಿನ ಲೆಕ್ಕ ಹೇಗೆ? ಖಂಡಿತ ಹೋಗಿ. ಆದರೆ ಬಟ್ಟೆಬರೆ, ಉಡುಗೊರೆಗಿಂತ ಮೊದಲು ತಿಳಿದುಕೊಳ್ಳಬೇಕಾದದ್ದು ಗಾಳಿಯ ವಿಚಾರ. ಆ ದ್ವೀಪದಲ್ಲಿ ದಿನ ಹೇಗೆ ಕಳೆಯಬೇಕು ಎಂದು ತೀರ್ಮಾನಿಸುವುದು ಗಾಳಿಯೇ.

ವಾಯವ್ಯದಿಂದ ಬೀಸುವುದು ಮಾಯೆಸ್ತ್ರಾಲೆ. ಆಗ್ನೇಯದಿಂದ, ಆಫ್ರಿಕಾ ಕಡೆಯಿಂದ ಬರುವ ಬಿಸಿಗಾಳಿ ಶಿರೊಕ್ಕೊ. ಬೆಳಿಗ್ಗೆ ಕಾಫಿ ಕುಡಿಯುತ್ತಲೇ ಮನೆಯವರು "ಇವತ್ತು ಯಾವ ಗಾಳಿ" ಎಂದು ನೋಡಿ ಬೀಚ್ ಆರಿಸುತ್ತಾರೆ. ಮಾಯೆಸ್ತ್ರಾಲೆ ಬೀಸುವ ದಿನ ಪಶ್ಚಿಮ ಮತ್ತು ಉತ್ತರ ತೀರಗಳಲ್ಲಿ ದೊಡ್ಡ ಅಲೆ, ಪೂರ್ವ ತೀರ ಶಾಂತ. ಶಿರೊಕ್ಕೊ ಬಂದರೆ ಇದು ತಿರುಗುಮುರುಗು. ಸಾನ್ ತೆಯೊದೊರೊ ಇರುವುದು ಪೂರ್ವಕ್ಕೆ. ಹಾಗಾಗಿ ಮಾಯೆಸ್ತ್ರಾಲೆ ದಿನ ಅಲ್ಲಿನ ನೀರು ಕನ್ನಡಿಯ ಹಾಗೆ ಕಾಣುತ್ತದೆ.

ಈಜು ಬಾರದವರಿಗೆ ಅತಿ ಅಪಾಯದ ದಿನವೂ ಅದೇ. ಗಾಳಿ ನೆಲದಿಂದ ಕಡಲಿಗೆ ಬೀಸುತ್ತಿರುತ್ತದೆ. ದಡದ ಹತ್ತಿರ ಅಲೆ ಏಳುವಷ್ಟು ಜಾಗ ಗಾಳಿಗೆ ಸಿಗುವುದಿಲ್ಲ, ಅದಕ್ಕೇ ನೀರು ನಿಶ್ಚಲವಾಗಿ ತೋರುತ್ತದೆ. ಆ ನಂಬಿಕೆಯ ಮೇಲೆ ಗಾಳಿ ತುಂಬಿದ ಹಾಸಿಗೆ, ಟ್ಯೂಬು, ಬಾತುಕೋಳಿ ಆಕಾರದ ತೇಲುವ ಆಟಿಕೆ ಏರಿದವರು ಕೆಲವೇ ನಿಮಿಷದಲ್ಲಿ ಕೈಯಾಡಿಸಿ ಹಿಂದಿರುಗಲಾಗದಷ್ಟು ದೂರ ಸಾಗಿಹೋಗುತ್ತಾರೆ. ಮುಂದೆ ಹೋದಷ್ಟೂ ಗಾಳಿಯ ಜೋರು ಹೆಚ್ಚು, ಅಲೆಯೂ ಶುರು. ನಿಮ್ಮ ನಿಯಮ ಒಂದೇ ಇರಲಿ: ಬೆನ್ನ ಹಿಂದೆ ದಡ ಇಟ್ಟು ನಿಂತಾಗ ಗಾಳಿ ಬೆನ್ನಿಗೆ ತಾಗುತ್ತಿದ್ದರೆ ತೇಲುವ ಯಾವುದನ್ನೂ ಹತ್ತಬೇಡಿ, ಮಕ್ಕಳು ಕರೆದರೂ. ಅಕಸ್ಮಾತ್ ಸಾಗಿಹೋದರೆ ಅದನ್ನು ಬಿಟ್ಟು ನೀರಿಗಿಳಿಯಬೇಡಿ. ಬೋರಲು ಮಲಗಿ ಗಟ್ಟಿಯಾಗಿ ಹಿಡಿದುಕೊಂಡು, ಒಂದು ಕೈ ಮೇಲೆತ್ತಿ "ಅಯೂತೊ" (ಕಾಪಾಡಿ) ಎಂದು ಕೂಗಿ. ದಡದಲ್ಲಿರುವವರು ಕರೆಯಬೇಕಾದದ್ದು ಕೋಸ್ಟ್ ಗಾರ್ಡ್‌ನ 1530, ಇಲ್ಲವೇ 112.

ಉಳಿದಂತೆ ಈಜು ಬಾರದವರಿಗೆ ಈ ಕಡಲು ನಮ್ಮ ಕರಾವಳಿಗಿಂತ ಸೌಮ್ಯ. ಮುರುಡೇಶ್ವರದಲ್ಲೋ ಮಲ್ಪೆಯಲ್ಲೋ ಮಳೆಗಾಲದ ಕಡಲು ನೋಡಿದವರಿಗೆ ಆಗಸ್ಟ್ ಎಂದರೆ ನೀರಿಗಿಳಿಯಬಾರದ ತಿಂಗಳು. ಮೆಡಿಟರೇನಿಯನ್‌ನಲ್ಲಿ ಅದು ನೀರು ಹದವಾಗಿ ಬೆಚ್ಚಗಿರುವ, ಸುಮಾರು 25 ಡಿಗ್ರಿಯ ತಿಂಗಳು. ಉಬ್ಬರವಿಳಿತ ಗೇಣಿನಷ್ಟು. ಉಪ್ಪು ಲೀಟರಿಗೆ 38 ಗ್ರಾಂ ಹತ್ತಿರ ಇರುವುದರಿಂದ ಮೈ ಸುಲಭವಾಗಿ ತೇಲುತ್ತದೆ. ಲಾ ಚಿಂತಾ ಎಂಬ ಅಲ್ಲಿನ ಉದ್ದದ ಬೀಚಿನಲ್ಲಿ ಬಹಳ ದೂರದವರೆಗೆ ನೀರು ಸೊಂಟದ ಮಟ್ಟದಲ್ಲೇ ಇರುತ್ತದೆ. ತೇಲುವುದನ್ನು ಕಲಿಯಲು ಅದಕ್ಕಿಂತ ಒಳ್ಳೆಯ ಜಾಗ ಸಿಗದು. ಬೆಳಿಗ್ಗೆ 10ರೊಳಗೆ, ಮನೆಯವರಲ್ಲಿ ಒಬ್ಬರು ಪಕ್ಕದಲ್ಲಿರುವಾಗ, ಸೊಂಟದ ನೀರಿನಲ್ಲಿ ದಡದ ಕಡೆ ಮುಖ ಮಾಡಿ ಅಭ್ಯಾಸ ಮಾಡಿ. ಕೆಂಪು ಬಾವುಟ ಹಾರುತ್ತಿದ್ದರೆ ನೀರಿಗಿಳಿಯಬೇಡಿ. ಹಳದಿ ಬಾವುಟ ಜೋರು ಗಾಳಿಯ ಸೂಚನೆ, ಕೊಡೆ ಮಡಚಬೇಕು.

ತಾವೊಲಾರಾ ದ್ವೀಪದ ಸುತ್ತ ರಬ್ಬರ್ ದೋಣಿಯಲ್ಲಿ ಹೋಗೋಣ ಎಂಬ ಮಾತು ಒಂದಲ್ಲ ಒಂದು ದಿನ ಬಂದೇ ಬರುತ್ತದೆ. ಸುಮಾರು 40 ಅಶ್ವಶಕ್ತಿಯವರೆಗಿನ ದೋಣಿಗೆ ಇಟಲಿಯಲ್ಲಿ ಲೈಸೆನ್ಸ್ ಬೇಡ, ವಯಸ್ಕರು ಯಾರು ಬೇಕಾದರೂ ಬಾಡಿಗೆಗೆ ಪಡೆದು ಓಡಿಸುತ್ತಾರೆ. ದೋಣಿ ಹತ್ತುವ ಮೊದಲು ತೇಲುವ ಜಾಕೆಟ್ ಕೇಳಿ ಹಾಕಿಕೊಳ್ಳಿ. ಅದರ ಮೇಲೆ 100 ಎಂಬ ಅಂಕಿ ಇದೆಯೇ ನೋಡಿ. 50 ಎಂದು ಬರೆದಿರುವುದು ಈಜು ಬಲ್ಲವರಿಗೆ, ಪ್ರಜ್ಞೆ ತಪ್ಪಿದರೆ ಅದು ಮುಖವನ್ನು ನೀರಿನ ಮೇಲೆ ನಿಲ್ಲಿಸುವುದಿಲ್ಲ. ಇಲ್ಲಿ ಸಂಕೋಚ ಬೇಡ.

ಮೈಗೆ ಆಗುವ ತೊಂದರೆಗಳು ಮೂರು ಬಗೆಯವು. ಬಂಡೆಗಳ ಮೇಲೆ ಕಪ್ಪು ಮುಳ್ಳಿನ ಉಂಡೆಯಂತೆ ಅಂಟಿಕೊಂಡಿರುವ ಜೀವಿ ರಿಚ್ಚೊ. ಕಾಲಿಟ್ಟರೆ ಮುಳ್ಳು ಮುರಿದು ಒಳಗೇ ಉಳಿಯುತ್ತದೆ. ಮರಳಿನೊಳಗೆ ಹೂತುಕೊಂಡಿರುವ ಸಣ್ಣ ಮೀನು ತ್ರಾಚಿನಾ. ಇದು ಚುಚ್ಚಿದರೆ ತಡೆಯಲಾಗದ ಉರಿ. ಈ ವಿಷ ಶಾಖಕ್ಕೆ ಕೆಡುತ್ತದೆ. ಆದ್ದರಿಂದ ಐಸ್ ಇಡಬಾರದು, ಸಹಿಸುವಷ್ಟು ಬಿಸಿಯ, 40ರಿಂದ 45 ಡಿಗ್ರಿಯ ನೀರಿನಲ್ಲಿ ಕಾಲನ್ನು ಕನಿಷ್ಠ ಅರ್ಧ ಗಂಟೆ ಇಡಬೇಕು. ನೋವಿನಿಂದ ಮರಗಟ್ಟಿದ ಕಾಲಿಗೆ ಶಾಖ ತಿಳಿಯುವುದಿಲ್ಲ, ನೀರಿನ ಬಿಸಿಯನ್ನು ಬೇರೆಯವರ ಕೈಯಿಂದ ನೋಡಿಸಿ. ಇವೆರಡಕ್ಕೂ ಮುಂಜಾಗ್ರತೆ ಒಂದೇ: ರಬ್ಬರ್ ಅಡಿಯ ನೀರಿನ ಬೂಟು. ಮೂರನೆಯದು ಮೆದೂಸಾ, ಅಂದರೆ ಜೆಲ್ಲಿಫಿಶ್. ಅದು ತಾಗಿದ ಜಾಗವನ್ನು ಕಡಲ ನೀರಿನಿಂದಲೇ ತೊಳೆಯಿರಿ. ಸಿಹಿನೀರು ಹಾಕಿದರೆ, ಟವೆಲಿನಿಂದ ಉಜ್ಜಿದರೆ ಚರ್ಮಕ್ಕೆ ಅಂಟಿದ ವಿಷದ ಕೋಶಗಳು ಮತ್ತಷ್ಟು ಸಿಡಿಯುತ್ತವೆ. ಅಂಟಿದ ಎಳೆಗಳನ್ನು ಹಳೆಯ ಪ್ಲಾಸ್ಟಿಕ್ ಕಾರ್ಡಿನ ಅಂಚಿನಿಂದ ಕೆರೆದು ತೆಗೆಯಿರಿ. ಆಮೇಲೆ ಹಚ್ಚಲು ಅಲ್ಯುಮಿನಿಯಂ ಕ್ಲೋರೈಡ್ ಜೆಲ್ ಔಷಧಿ ಅಂಗಡಿಯಲ್ಲಿ ಸಿಗುತ್ತದೆ. ಉಸಿರು ಕಟ್ಟಿದರೆ, ತುಟಿ ಮುಖ ಊದಿದರೆ ತಡಮಾಡದೆ 112ಕ್ಕೆ ಕರೆ ಮಾಡಿ. ದಡದಲ್ಲಿ ಕಂದು ಎಲೆಗಳ ರಾಶಿ ಕಂಡರೆ ಕೊಳಕು ಎಂದುಕೊಳ್ಳಬೇಡಿ. ಅದು ಪೊಸಿಡೋನಿಯಾ ಎಂಬ ಕಡಲಹುಲ್ಲು, ಮರಳು ಕೊಚ್ಚಿಹೋಗದಂತೆ ಕಾಯುವುದೇ ಆ ರಾಶಿ.

ಬಿಸಿಲಿನ ವಿಷಯದಲ್ಲಿ ನಮ್ಮವರು ಮಾಡುವ ತಪ್ಪು, ಕಂದು ಚರ್ಮ ಸುಡುವುದಿಲ್ಲ ಎಂದುಕೊಳ್ಳುವುದು. ಸುಡುತ್ತದೆ, ಎರಡನೇ ದಿನ ಭುಜ ಸುಲಿಯುತ್ತದೆ. ಇಡೀ ಮೈಗೆ ಒಮ್ಮೆ ಹಚ್ಚಲು ಸುಮಾರು 30 ಮಿಲಿ ಸನ್‌ಸ್ಕ್ರೀನ್ ಬೇಕು, ನೀರಿಗಿಳಿದು ಬಂದ ಮೇಲೆ ಮತ್ತೆ. ಎರಡು ವಾರಕ್ಕೆ 200 ಮಿಲಿಯ ನಾಲ್ಕೈದು ಬಾಟಲಿ ಲೆಕ್ಕ ಹಾಕಿ, ಮಿಲಾನ್‌ನ ಸೂಪರ್ ಮಾರ್ಕೆಟ್ಟಿನಲ್ಲೇ ಕೊಳ್ಳಿ. ಉದ್ದ ತೋಳಿನ ಈಜು ಅಂಗಿ ಹಾಕಿದರೆ ಒಂದು ಬಾಟಲಿ ಉಳಿಯುತ್ತದೆ. ಅದನ್ನು ಯಾರೂ ವಿಚಿತ್ರವಾಗಿ ನೋಡುವುದಿಲ್ಲ. ಹತ್ತಿಯ ಚೂಡಿದಾರ, ಜೀನ್ಸ್ ಮಾತ್ರ ನೀರಿಗೆ ಬೇಡ. ನೆಂದು ಭಾರವಾಗಿ ಕಾಲಿಗೆ ಸುತ್ತಿಕೊಳ್ಳುತ್ತವೆ. ಈಜುಡುಪು ಎರಡು ಜೊತೆ ಇರಲಿ. ನೀರಿನಿಂದ ಬಂದ ಕೂಡಲೇ ಒಣಗಿದ್ದನ್ನು ಹಾಕಿಕೋ ಎಂದು ಮನೆಯ ಹಿರಿಯರು ಹೇಳಿಯೇ ಹೇಳುತ್ತಾರೆ. ಒದ್ದೆ ಬಟ್ಟೆಗೆ ಗಾಳಿ ತಾಗಿದರೆ ಕಾಯಿಲೆ ಎಂಬುದು ಅವರ ಗಟ್ಟಿ ನಂಬಿಕೆ. ಹಾಗೆಯೇ ಊಟವಾದ ಮೇಲೆ ಎರಡು ಮೂರು ಗಂಟೆ ನೀರಿಗಿಳಿಯುವಂತಿಲ್ಲ. ವಾದ ಮಾಡಬೇಡಿ. ಆ ಮನೆಯ ಮಕ್ಕಳು ಪಾಲಿಸುವ ನಿಯಮವನ್ನು ನೀವು ಮುರಿದರೆ ಅಮ್ಮಂದಿರ ಕೆಲಸ ಕಷ್ಟವಾಗುತ್ತದೆ.

ಬೀಚಿಗೆ ದಪ್ಪ ಟವೆಲಿಗಿಂತ ಹುಲ್ಲಿನ ಚಾಪೆ ಮೇಲು. ಟವೆಲಿಗೆ ಅಂಟಿ ಮರಳು ಹೊರಟುಹೋಗುತ್ತದೆಂದು ಸ್ತಿಂತಿನೊದ ಲಾ ಪೆಲೋಸಾ ಬೀಚಿನಲ್ಲಿ ಟವೆಲಿನಡಿ ಚಾಪೆ ಹಾಸುವುದು ಕಡ್ಡಾಯ. ಬೇಸಿಗೆಯಲ್ಲಿ ಅಲ್ಲಿ ದಿನಕ್ಕೆ 1500 ಜನಕ್ಕೆ ಮಾತ್ರ ಪ್ರವೇಶ, ಮುಂಗಡ ಬುಕ್ ಮಾಡಬೇಕು. ಸಾನ್ ತೆಯೊದೊರೊ ಹತ್ತಿರದ ಕಾಲಾ ಬ್ರಾಂದಿಂಕಿ, ಲು ಇಂಪೊಸ್ತುಗಳಿಗೂ ಬುಕಿಂಗ್ ಇದೆ. ಈ ಕೆಲಸವನ್ನು ನೀವೇ ವಹಿಸಿಕೊಂಡರೆ ಮನೆಯವರಿಗೆ ನಿಜವಾದ ಸಹಾಯ. ಕೊಡೆ ನೆಡುವುದನ್ನೂ ಕಲಿತುಕೊಳ್ಳಿ: ಕೋಲನ್ನು ಅಲುಗಿಸುತ್ತಾ 40–50 ಸೆಂಟಿಮೀಟರ್ ಆಳಕ್ಕೆ, ಹಸಿ ಮರಳು ಸಿಗುವವರೆಗೆ ಇಳಿಸಿ, ಕೊಡೆಯನ್ನು ಗಾಳಿ ಬರುವ ದಿಕ್ಕಿಗೆ ವಾಲಿಸಬೇಕು. ಗಾಳಿಗೆ ಬೆನ್ನು ಮಾಡಿ ವಾಲಿಸಿದರೆ ಕಿತ್ತುಕೊಂಡು ಪಕ್ಕದವರ ಮೇಲೆ ಬೀಳುತ್ತದೆ. ನೀರಿನಂಚಿನ ಐದು ಮೀಟರ್ ಎಲ್ಲರೂ ಓಡಾಡುವ ಜಾಗ, ಅಲ್ಲಿ ಏನನ್ನೂ ಹಾಸಬಾರದು.

ಮನೆಯೊಳಗೆ ನಮ್ಮವರು ಎಡವುವುದು ಬಚ್ಚಲಿನಲ್ಲಿ. ಅಲ್ಲಿನ ನೆಲಕ್ಕೆ ನೀರು ಹೋಗುವ ತೂಬು ಇರುವುದಿಲ್ಲ, ಚೊಂಬಿನಲ್ಲಿ ಸುರಿದುಕೊಂಡರೆ ನೀರು ಪಡಸಾಲೆಗೆ ಬರುತ್ತದೆ. ಶವರಿನ ಬಾಗಿಲೊಳಗೇ ಸ್ನಾನ, ಅದೂ ಐದು ನಿಮಿಷದಲ್ಲಿ. ಬೇಸಿಗೆಯಲ್ಲಿ ದ್ವೀಪಕ್ಕೆ ನೀರಿನ ಅಭಾವ, ಗೀಸರ್ ಕೂಡ ಚಿಕ್ಕದು. ಕಮೋಡಿನ ಪಕ್ಕದ ಬಿದೆ ಎಂಬ ತಗ್ಗು ಬೇಸಿನ್ ಶೌಚಕ್ಕೆ ತೊಳೆದುಕೊಳ್ಳಲೆಂದೇ ಇರುವುದು, ನಿಶ್ಚಿಂತೆಯಿಂದ ಬಳಸಿ. ಅದರ ಪಕ್ಕ ತೂಗುವ ಪುಟ್ಟ ಟವೆಲಿನಲ್ಲಿ ಮಾತ್ರ ಮುಖ ಒರೆಸಬೇಡಿ. ಇಟಲಿಯ ಹೆಚ್ಚಿನ ಮನೆಗಳಿಗೆ ವಿದ್ಯುತ್ ಮಂಜೂರಾತಿ 3 ಕಿಲೋವಾಟ್. ವಾಷಿಂಗ್ ಮಷೀನ್, ಓವನ್ ಓಡುತ್ತಿರುವಾಗ ಹೇರ್ ಡ್ರೈಯರ್ ಹಾಕಿದರೆ ಇಡೀ ಮನೆ ಕತ್ತಲಾಗುತ್ತದೆ. ಕೇಳಿ ಹಾಕಿ. ಬೀಚಿನಿಂದ ಬಂದವರು ಕಾಲನ್ನು ಹೊರಗಿನ ನಲ್ಲಿಯಲ್ಲೇ ತೊಳೆದು ಒಳಬರಬೇಕು. ಒಳಗೆ ಓಡಾಡಲು ಬೇರೆ ಚಪ್ಪಲಿ ಬೇಕು, ಬರಿಗಾಲಿನಲ್ಲಿ ಓಡಾಡುವುದನ್ನು ಅವರು ಇಷ್ಟಪಡುವುದಿಲ್ಲ. ಅಜ್ಜಿ ಇದ್ದರೆ "ಸಿನ್ಯೋರಾ" ಎಂದು ಕರೆದು "ಲೇಯಿ" ಎಂಬ ಗೌರವದ ರೂಪದಲ್ಲೇ ಮಾತಾಡಿ, ಅವರಾಗಿಯೇ "ತೂ" (ನೀನು) ಎಂದು ಕರೆ ಎನ್ನುವವರೆಗೆ. ಬೇರೆಯವರ ಮನೆಯ ಹೊಸ್ತಿಲು ದಾಟುವಾಗ "ಪೆರ್ಮೆಸ್ಸೊ" (ಒಳಗೆ ಬರಬಹುದೇ) ಎಂದು ಕೇಳಿ.

ಊಟ: ಮಧ್ಯಾಹ್ನ ಒಂದು, ಒಂದೂವರೆಗೆ, ರಾತ್ರಿ ಎಂಟೂವರೆ, ಒಂಬತ್ತಕ್ಕೆ. ನಡುವೆ ಮೂರರಿಂದ ಐದು ಮನೆ ನಿಶ್ಶಬ್ದ, ಫೋನಿನಲ್ಲಿ ಊರಿಗೆ ಮಾತಾಡುವ ಹೊತ್ತು ಅದಲ್ಲ. ಸಸ್ಯಾಹಾರಿ ಎಂದಷ್ಟೇ ಹೇಳಿದರೆ ಸಾಲದು. ಟ್ಯೂನಾ ಮೀನು, ಆಂಚೊವಿ, ಹ್ಯಾಮ್ ತುಣುಕುಗಳನ್ನು ಬಹಳ ಜನ ಮಾಂಸದ ಲೆಕ್ಕಕ್ಕೇ ಹಿಡಿಯುವುದಿಲ್ಲ. "ಮಾಂಸ ಇಲ್ಲ, ಮೀನು ಇಲ್ಲ, ಟ್ಯೂನಾ ಕೂಡ ಇಲ್ಲ, ಮಾಂಸದ ಸಾರೂ ಇಲ್ಲ" ಎಂದು ಹೊರಡುವ ಮೊದಲೇ ಬಿಡಿಸಿ ಹೇಳಿ. ಬೀಚಿಗೆ ಕಟ್ಟಿಕೊಂಡು ಹೋಗುವ ತಣ್ಣನೆ ಅನ್ನದ ಸಲಾಡ್‌ಗೆ ಟ್ಯೂನಾ, ಸಾಸೇಜ್ ಬೀಳುತ್ತವೆ. ಕಲಸುವ ಮೊದಲು ನಿಮ್ಮ ಪಾಲು ತೆಗೆದಿಡಲು ಕೇಳಿಕೊಂಡರೆ ಮುಗಿಯಿತು. ಸಾರ್ಡೀನಿಯಾದ ಕುಲುರ್ಜೊನೆಸ್ ನಿಮಗೆ ಹಿಡಿಸುತ್ತದೆ: ಆಲೂಗಡ್ಡೆ, ಪೆಕೊರೀನೊ ಚೀಸ್, ಪುದೀನ ತುಂಬಿ ಗೋಧಿ ತೆನೆಯ ಹಾಗೆ ನೆರಿಗೆ ಹಿಡಿದ ಕಡುಬು. ಹಪ್ಪಳದಂಥ ತೆಳು ರೊಟ್ಟಿ ಪಾನೆ ಕರಸಾವು ಎಲ್ಲ ಊಟಕ್ಕೂ ಇರುತ್ತದೆ. ಜೇನು ಸುರಿದ ಸೆಯಾದಾಸ್‌ನ ಹಿಟ್ಟಿಗೆ ಸಾಂಪ್ರದಾಯಿಕವಾಗಿ ಹಂದಿಕೊಬ್ಬು ಬೆರೆಸುತ್ತಾರೆ, ಕೇಳಿ ತಿನ್ನಿ. ಪಾಸ್ತಾ ಮೇಲೆ ಕಿತ್ತಳೆ ಬಣ್ಣದ ಪುಡಿ ಉದುರಿಸಿದ್ದರೆ ಅದು ಬೊತ್ತಾರ್ಗ, ಮೀನಿನ ಮೊಟ್ಟೆ. ಪೆಕೊರೀನೊ, ಪಾರ್ಮಿಜಾನೊ ಎರಡೂ ಚೀಸ್‌ಗಳಿಗೆ ಹಾಲನ್ನು ಗಟ್ಟಿಯಾಗಿಸಲು ಕುರಿಮರಿ ಇಲ್ಲವೇ ಕರುವಿನ ಹೊಟ್ಟೆಯಿಂದ ತೆಗೆದ ರೆನ್ನೆಟ್ ಎಂಬ ಹೆಪ್ಪು ಬಳಸುತ್ತಾರೆ. ಅದು ನಿಮಗೆ ಒಪ್ಪಿಗೆಯೇ ಎಂದು ಈಗಲೇ ತೀರ್ಮಾನಿಸಿಕೊಳ್ಳಿ.

ಒಂದು ರಾತ್ರಿ ನೀವೇ ಚಿತ್ರಾನ್ನ ಮಾಡಿ ಬಡಿಸಿ. ಆರು ಜನಕ್ಕೆ 500 ಗ್ರಾಂ ಬಾಸ್ಮತಿ ಸಾಕು. ಅವರ ರಿಸೊತ್ತೊ ಅಕ್ಕಿ ಅಂಟಂಟು, ಅದು ಬೇಡ. ನಿಂಬೆ, ಅರಿಶಿನ ಅಲ್ಲೇ ಸಿಗುತ್ತವೆ. ಸಾಸಿವೆ, ಉದ್ದಿನಬೇಳೆ, ಕಡಲೆಬೇಳೆ, ಇಂಗನ್ನು ಮಿಲಾನ್‌ನಿಂದ ಒಯ್ಯಿರಿ. ಒಗ್ಗರಣೆಗೆ ಸೂರ್ಯಕಾಂತಿ ಎಣ್ಣೆ, ಖಾರ ಅರ್ಧಕ್ಕರ್ಧ ಕಡಿಮೆ. ಕಡಲೆಕಾಯಿ ಹಾಕುವ ಮೊದಲು ಯಾರಿಗಾದರೂ ಅಲರ್ಜಿ ಇದೆಯೇ ಕೇಳಿ. ಬಿಳಿ ಕಲ್ಲಿನ ಕಟ್ಟೆಯ ಮೇಲೆ ಅರಿಶಿನ ಬಿದ್ದರೆ ತಕ್ಷಣ ಒರೆಸಿ.

ಖರ್ಚಿನ ಬಗ್ಗೆ: ಕರೆದವರು ಊಟ ವಸತಿಗೆ ಹಣ ಪಡೆಯುವುದಿಲ್ಲ, ಕೊಡಲು ಹೋದರೆ ಬೇಸರಪಟ್ಟುಕೊಳ್ಳುತ್ತಾರೆ. ಹಡಗಿನ ಟಿಕೆಟ್ ಮಾತ್ರ ನಾನು ಕೊಡುತ್ತೇನೆ ಎಂದು ಮೊದಲೇ ಹೇಳಿ. ಅಲ್ಲಿ ಒಂದು ಸಂಜೆ ಎಲ್ಲರಿಗೂ ಪಿಜ್ಜಾ, ಆಗಾಗ ಐಸ್‌ಕ್ರೀಂ, ಭಾನುವಾರ ಬೇಕರಿಯಿಂದ ಒಂದು ತಟ್ಟೆ ಸಿಹಿ ತನ್ನಿ. ಆಗಸ್ಟ್ 15 ಫೆರ್ರಗೊಸ್ತೊ, ದೇಶಕ್ಕೇ ರಜೆ. ಹಿಂದಿನ ದಿನವೇ ಕಲ್ಲಂಗಡಿ ಕೊಂಡು ತಂದಿಡುವ ಜವಾಬ್ದಾರಿ ನಿಮ್ಮದಾಗಲಿ. ಉಡುಗೊರೆಗೆ ಚನ್ನಪಟ್ಟಣದ ಗೊಂಬೆ ಚೆನ್ನ. ಚಿಕ್ಕಮಗಳೂರು, ಕೊಡಗಿನ ಕಾಫಿಯೂ ಸರಿಯೇ: ಭಾರತದ ಕಾಫಿಯನ್ನು ಹೆಚ್ಚು ಕೊಳ್ಳುವ ದೇಶ ಇಟಲಿ, ಅವರ ಎಸ್ಪ್ರೆಸೊದಲ್ಲಿ ನಮ್ಮ ರೊಬಸ್ಟಾ ಇರುತ್ತದೆ ಎಂಬುದು ಬಹಳ ಮಂದಿಗೆ ಗೊತ್ತಿಲ್ಲ.

ಜೆನೊವಾದಿಂದಲೋ ಲಿವೊರ್ನೊದಿಂದಲೋ ಒಲ್ಬಿಯಾಕ್ಕೆ ರಾತ್ರಿ ಹಡಗು. ಹೊರಟ ಮೇಲೆ ಕಾರು ನಿಲ್ಲಿಸಿದ ಅಂತಸ್ತಿಗೆ ಬೀಗ ಹಾಕುತ್ತಾರೆ. ಸ್ವೆಟರ್, ಹಲ್ಲುಜ್ಜುವ ಬ್ರಷ್, ಚಾರ್ಜರ್, ನೀರು, ಪಾಸ್‌ಪೋರ್ಟ್, ಪೆರ್ಮೆಸ್ಸೊ ದಿ ಸೊಜ್ಜೊರ್ನೊ (ವಾಸದ ಪರವಾನಗಿ), ಆರೋಗ್ಯ ಕಾರ್ಡ್ ಕೈಚೀಲದಲ್ಲಿರಲಿ. ಒಳಗೆ ಎಸಿ ಚಳಿ ಹಿಡಿಸುವಷ್ಟಿರುತ್ತದೆ. ಹೊಟ್ಟೆ ತೊಳಸುವವರು ಹೊರಡುವ ಅರ್ಧ ಗಂಟೆ ಮೊದಲೇ ಮಾತ್ರೆ ನುಂಗಿ, ಹಡಗಿನ ನಡುಭಾಗದಲ್ಲಿ, ಕೆಳ ಅಂತಸ್ತಿನಲ್ಲಿ ಕೂರಬೇಕು.

ವಾಪಸಾಗುವ ಹಿಂದಿನ ಸಂಜೆ ಬ್ಯಾಗು, ಬೂಟು, ಚಾಪೆ ಎಲ್ಲವನ್ನೂ ಬೀಚಿನಲ್ಲೇ ಕೊಡವಿ. ಮರಳು, ಉರುಟುಕಲ್ಲು, ಕಪ್ಪೆಚಿಪ್ಪನ್ನು ದ್ವೀಪದಿಂದ ಹೊರಗೆ ಒಯ್ಯುವಂತಿಲ್ಲ. 2017ರ ಪ್ರಾದೇಶಿಕ ಕಾನೂನಿನಂತೆ ದಂಡ 500ರಿಂದ 3000 ಯೂರೊ, ಬಂದರು ಮತ್ತು ವಿಮಾನ ನಿಲ್ದಾಣಗಳಲ್ಲಿ ಚೀಲ ತಪಾಸಣೆ ಮಾಡುತ್ತಾರೆ. ಮನೆಯ ಮಕ್ಕಳು ಪ್ರೀತಿಯಿಂದ ಚಿಪ್ಪು ಕೊಟ್ಟರೆ ಅವರ ಜೊತೆಗೇ ಹೋಗಿ ನೀರಿಗೆ ಬಿಟ್ಟು ಬನ್ನಿ. ಹೊರಡುವ ಬೆಳಿಗ್ಗೆ ಹಾಸಿಗೆಯ ಚಾದರ, ದಿಂಬಿನ ಕವಚ ಬಿಚ್ಚಿ ಮಡಚಿ ವಾಷಿಂಗ್ ಮಷೀನ್ ಪಕ್ಕ ಇಡಿ.