ಬೈಕ್ ಮಾರಬೇಡಿ, ಸುಳ್ಳನ್ನೂ ಹೇಳಬೇಡಿ

ಪ್ರಶ್ನೆ: ನನಗೆ 64 ವರ್ಷ. ಶಿರಸಿ ಹತ್ತಿರದ ಹಳ್ಳಿ. ಬ್ಯಾಂಕಿನಿಂದ ನಿವೃತ್ತನಾಗಿ ಅಡಿಕೆ ತೋಟ ನೋಡಿಕೊಂಡಿದ್ದೇನೆ. 2010ರಲ್ಲಿ ಆಸೆಪಟ್ಟು ತಗೊಂಡ ಬುಲೆಟ್ ಇದೆ. ಮೂರು ವರ್ಷದಿಂದ ಕೊಟ್ಟಿಗೆ ಪಕ್ಕದಲ್ಲಿ ನಿಂತೇ ಇದೆ. ಅದರ ಮೇಲೆ ಕಾರವಾರದಿಂದ ಕನ್ಯಾಕುಮಾರಿಗೆ ಕರಾವಳಿ ಹಿಡಿದು ಹೋಗಬೇಕೆಂಬುದು ಹಳೆಯ ಆಸೆ. ಬಿಪಿಗೂ ಸಕ್ಕರೆಗೂ ಮಾತ್ರೆ ಇದೆ, ಎರಡೂ ಹತೋಟಿಯಲ್ಲಿವೆ. ಬೆಂಗಳೂರಿನಲ್ಲಿರುವ ಮಗ ‘ಈ ವಯಸ್ಸಲ್ಲಿ ಇದೆಲ್ಲ ಬೇಕಾ ಅಪ್ಪಾ’ ಎನ್ನುತ್ತಾನೆ. ನನ್ನನ್ನು ಒಂದು ಮಾತೂ ಕೇಳದೆ ಗಾಡಿಯ ಫೋಟೊ ಮಾರಾಟಕ್ಕೆ ಹಾಕಿದ್ದಾನೆ. ಹೆಂಡತಿ ‘ನಿಮ್ಮಿಷ್ಟ’ ಎಂದು ಒಳಗೆ ಹೋಗುತ್ತಾಳೆ. ಗಾಡಿಯನ್ನು ಮೊದಲೇ ಗೆಳೆಯನ ಮನೆಯಲ್ಲಿಟ್ಟು, ಧರ್ಮಸ್ಥಳಕ್ಕೆ ಹೋಗಿಬರುತ್ತೇನೆ ಎಂದು ಹೇಳಿ ಹೊರಟುಬಿಡಲೇ?

ಉತ್ತರ: ಹೋಗಿ. ಆದರೆ ಸುಳ್ಳು ಹೇಳಿ ಹೋಗಬೇಡಿ.

ಕಣ್ಣೂರಿನ ಹತ್ತಿರ ಎಲ್ಲೋ ಗಾಡಿ ಜಾರಿತು ಎಂದಿಟ್ಟುಕೊಳ್ಳಿ. ದೊಡ್ಡ ಪೆಟ್ಟೇನೂ ಇಲ್ಲ, ಕೈ ಮುರಿದಿದೆ ಅಷ್ಟೆ. ಆಸ್ಪತ್ರೆಯವರು ಮನೆಗೆ ಫೋನ್ ಮಾಡುತ್ತಾರೆ. ನೀವು ಧರ್ಮಸ್ಥಳದಲ್ಲಿ ದೇವರ ದರ್ಶನಕ್ಕೆ ನಿಂತಿದ್ದೀರಿ ಎಂದುಕೊಂಡ ಹೆಂಡತಿ ಆ ಫೋನ್ ಎತ್ತುತ್ತಾರೆ. ಮುರಿದ ಕೈ ಕೂಡಿಕೊಳ್ಳುತ್ತದೆ. ಆದರೆ ಆಮೇಲೆ ನೀವು ಶಿರಸಿ ಪೇಟೆಗೆ ಹೋಗಿಬರುತ್ತೇನೆ ಎಂದರೂ ಅವರಿಗೆ ಅನುಮಾನ. ಅದು ಬೇಡ. ಏನೂ ಆಗದೆ ಸುಖವಾಗಿ ಮುಟ್ಟಿದರೂ ಅಷ್ಟೆ. ಅಷ್ಟು ವರ್ಷ ಕಾದು ಕನ್ಯಾಕುಮಾರಿ ನೋಡಿ, ಮನೆಗೆ ಒಂದು ಫೋಟೊ ಕಳಿಸುವ ಹಾಗಿಲ್ಲ ಅಂದ್ರೆ ಆ ಸಂತೋಷವನ್ನು ಎಲ್ಲಿಡುತ್ತೀರಿ?

ಮಗ ಮಾಡಿದ್ದು ತಪ್ಪು. ಗಾಡಿ ನಿಮ್ಮದು. ಕೇಳದೆ ಮಾರಾಟಕ್ಕೆ ಹಾಕಿದ್ದು ನಿಮಗೆ ನೋವಾಗಿದೆ, ಆಗಲೇಬೇಕು. ಅವನಿಗೆ ಕೋಪ ಮಾಡದೆ, ನೇರವಾಗಿ ಹೇಳಿ: ‘ಫೋಟೊ ತೆಗೆ. ಮಾರುವ ದಿನ ಬಂದಾಗ ನಾನೇ ಹೇಳುತ್ತೇನೆ.’ ಇಷ್ಟು ಹೇಳಿದ ಮೇಲೆ ಅವನ ಭಯ ಏನೆಂದು ಕೇಳಿ. ನಮ್ಮ ಜಿಲ್ಲೆಯ ಹೆದ್ದಾರಿ ಸುದ್ದಿ ಬೆಂಗಳೂರಿನಲ್ಲಿ ಕೂತವರಿಗೆ ಹೇಗೆ ಕಾಣುತ್ತದೆ ಯೋಚಿಸಿ. 2024ರ ಜುಲೈನಲ್ಲಿ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯ ಪಕ್ಕದ ಚಹಾ ಅಂಗಡಿಯೇ ಹೋಯಿತು. ಅದಾಗಿ ತಿಂಗಳೊಳಗೆ ಕಾರವಾರದಲ್ಲಿ ಕಾಳಿ ನದಿಯ ಹಳೆಯ ಸೇತುವೆ ಕುಸಿಯಿತು. ಅಪ್ಪ ಹೋಗುತ್ತೇನೆ ಅನ್ನುವುದು ಇದೇ ರಸ್ತೆಯಲ್ಲಿ. ಮಗನ ಹೆದರಿಕೆ ಸುಮ್ನೆ ಬಂದದ್ದಲ್ಲ. ಅದಕ್ಕೆ ಉತ್ತರ ನಿಮ್ಮ ಹಟದಲ್ಲಿಲ್ಲ, ನೀವು ಹೊರಡುವ ತಿಂಗಳಲ್ಲಿದೆ. ಮಳೆಗಾಲದಲ್ಲಿ ಹೊರಡುವ ಮಾತೇ ಬೇಡ. ಕೇರಳದ ದಕ್ಷಿಣಕ್ಕೆ ಅಕ್ಟೋಬರ್, ನವೆಂಬರಿನಲ್ಲೂ ಹಿಂಗಾರು ಜೋರು. ಜನವರಿ ಇಟ್ಟುಕೊಳ್ಳಿ. ತೋಟದಲ್ಲಿ ಅಡಿಕೆಗೊನೆ ಕೊಯ್ಲಿನ ಗಡಿಬಿಡಿ ಇದ್ದರೆ ಅದು ಮುಗಿದು ಫೆಬ್ರವರಿ ಆದರೂ ಆದೀತು.

ನಿಮ್ಮ ಪತ್ರದಲ್ಲಿ ನನ್ನನ್ನು ಜಾಸ್ತಿ ಕಾಡಿದ್ದು ಮಗನ ಮಾತಲ್ಲ, ಹೆಂಡತಿಯ ‘ನಿಮ್ಮಿಷ್ಟ’. ನಮ್ಮ ಕಡೆ ಹೆಂಗಸರು ಹಾಗೆಂದು ಒಳಗೆ ಹೋದರೆ ಅದು ಒಪ್ಪಿಗೆ ಅಲ್ಲ, ಅಲ್ವಾ? ‘ನನ್ನನ್ನು ಯಾರು ಕೇಳಿದರು’ ಅಂತ ಅದರ ಹಿಂದೆ ಇರಬಹುದು. ಒಂಟಿಯಾಗಿ ಆ ಮನೆಯಲ್ಲಿ ರಾತ್ರಿ ಕಳೆಯುವ ಚಿಂತೆ ಇರಬಹುದು. ತಾನೂ ಒಮ್ಮೆ ಕನ್ಯಾಕುಮಾರಿ ನೋಡಬೇಕು ಎಂಬ ಆಸೆಯೇ ಇರಬಹುದು. ಊಟ ಆದ ಮೇಲೆ ಎಲೆ-ಅಡಿಕೆ ಕವಳ ಹಾಕುತ್ತಾ ಕೂತಾಗ ಕೇಳಿ. ಬರುವ ಮನಸ್ಸಿದ್ದರೆ ಸಾವಿರ ಕಿಲೋಮೀಟರ್ ಹಿಂದೆ ಕೂರಿಸಿಕೊಂಡು ಹೋಗಬೇಕಿಲ್ಲ. ಅವರ ಸೊಂಟಕ್ಕೂ ನಿಮ್ಮ ಬ್ರೇಕಿಗೂ ಅದು ಭಾರ. ಕುಮಟಾದಿಂದ ತಿರುವನಂತಪುರಕ್ಕೆ ನೇತ್ರಾವತಿ ಎಕ್ಸ್‌ಪ್ರೆಸ್ ಇದೆ. ಅವರು ರೈಲಿನಲ್ಲಿ ಬರಲಿ, ಜೊತೆಗೆ ಅಕ್ಕನೋ ತಂಗಿಯೋ ಬಂದರೆ ಇನ್ನೂ ಒಳ್ಳೆಯದು. ನೀವು ಅಲ್ಲಿ ಸೇರಿಕೊಳ್ಳಿ.

ವಾಪಸ್ ಬರುವುದರ ಬಗ್ಗೆ ನೀವು ಏನೂ ಬರೆದಿಲ್ಲ. ಹೋಗುವಾಗಿನ ಹುಮ್ಮಸ್ಸು ಬರುವಾಗ ಇರುವುದಿಲ್ಲ. ಗಾಡಿಯನ್ನು ರೈಲಿಗೆ ಹಾಕಿ, ಇಬ್ಬರೂ ಅದೇ ರೈಲಿನಲ್ಲಿ ಬನ್ನಿ. ಟ್ಯಾಂಕಿನ ಪೆಟ್ರೋಲ್ ಪೂರ್ತಿ ಖಾಲಿ ಮಾಡಿಸಬೇಕು, ಪ್ಯಾಕಿಂಗ್ ಮಾಡಿಸಬೇಕು, ಆರ್‌ಸಿ ಮತ್ತು ಗುರುತಿನ ಚೀಟಿಯ ಪ್ರತಿ ಕೊಡಬೇಕು. ಚಿಕ್ಕ ನಿಲ್ದಾಣದಲ್ಲಿ ರೈಲು ನಿಲ್ಲುವುದೇ ಒಂದೆರಡು ನಿಮಿಷ. ಗಾಡಿ ಎಲ್ಲಿ ಇಳಿಸಿಕೊಡುತ್ತಾರೆ ಎಂದು ಪಾರ್ಸೆಲ್ ಕಚೇರಿಯಲ್ಲಿ ಮೊದಲೇ ಕೇಳಿಕೊಳ್ಳಿ.

ಈಗ ಕೊಟ್ಟಿಗೆ ಪಕ್ಕಕ್ಕೆ ಹೋಗೋಣ. ಮೂರು ವರ್ಷ ನಿಂತ ಗಾಡಿ ಅಂದಿರಿ. ಹಳೆ ಪೆಟ್ರೋಲ್ ತೆಗೆಸಿ, ಬ್ಯಾಟರಿ, ಆಯಿಲ್, ಬ್ರೇಕ್ ಆಯಿಲ್, ಕೇಬಲ್ ನೋಡಲು ನಿಮ್ಮ ಮೆಕ್ಯಾನಿಕ್‌ಗೆ ಹೇಳಬೇಕಾಗಿಲ್ಲ, ಅವನೇ ನೋಡುತ್ತಾನೆ. ಟೈರ್ ಮಾತ್ರ ನೀವೇ ನೋಡಿ. ಕೂತು, ಟೈರಿನ ಬದಿಯ ಧೂಳು ಒರೆಸಿ. ಡಿಒಟಿ (DOT) ಎಂಬ ಇಂಗ್ಲಿಷ್ ಅಕ್ಷರಗಳಿದ್ದರೆ ಆ ಸಾಲಿನ ಕೊನೆಯಲ್ಲಿ, ಇಲ್ಲದಿದ್ದರೆ ಬೇರೆಯಾಗಿ, ನಾಲ್ಕು ಅಂಕಿ ಇರುತ್ತವೆ. 2317 ಎಂದಿದ್ದರೆ ಅದು 2017ನೇ ಇಸವಿಯ 23ನೇ ವಾರ ತಯಾರಾದ ಟೈರ್. ಗಾಡಿ ಓಡದ್ದರಿಂದ ಗೀರುಗಳು ಹೊಸತರ ಹಾಗೆ ಕಾಣುತ್ತವೆ, ಆದರೆ ರಬ್ಬರ್ ಗಟ್ಟಿಯಾಗಿ ಹಿಡಿತ ಹೋಗಿರುತ್ತದೆ. ಬೆರಳಲ್ಲಿ ಒತ್ತಿ, ಸಣ್ಣ ಬಿರುಕು ಕಂಡರೆ ಬದಲಿಸಿ. ಐದಾರು ವರ್ಷ ದಾಟಿದ್ದರೆ ಬಿರುಕು ಕಾಣದಿದ್ದರೂ ಬದಲಿಸಿ. ಇಲ್ಲಿ ದುಡ್ಡು ಉಳಿಸಬೇಡಿ.

ಇನ್ನು ನಿಮ್ಮ ದೇಹ. ತೋಟದಲ್ಲಿ ಏರಿ ಇಳಿದು ಓಡಾಡುವವರು ನೀವು, ಎಷ್ಟೋ ಜನರಿಗಿಂತ ಗಟ್ಟಿ ಇದ್ದೀರಿ. ಆದರೂ ಬುಲೆಟ್ ಹೆಚ್ಚುಕಡಿಮೆ 190 ಕೆ.ಜಿ. ತೂಗುತ್ತದೆ. ಓಡುವಾಗ ಆ ಭಾರ ಗೊತ್ತಾಗುವುದಿಲ್ಲ. ಪೆಟ್ರೋಲ್ ಬಂಕಿನಲ್ಲಿ ಇಳಿಜಾರಿಗೆ ನಿಲ್ಲಿಸಿ ಎಡಗಾಲು ಊರಿದಾಗ, ಕಾಲಡಿ ಜಲ್ಲಿ ಜಾರಿದಾಗ ಗೊತ್ತಾಗುತ್ತದೆ. ಹಾಗಾಗಿ ನಿಮಗೆ ಬೇಕಾದ್ದು ಬರೀ ದಮ್ಮಲ್ಲ, ತೊಡೆಯ ಬಲ ಮತ್ತು ಸಮತೋಲನ. ಕೈ ಊರದೆ ಕುರ್ಚಿಯಿಂದ ಎದ್ದು ಕೂರುವುದನ್ನು ದಿನಾ ಮಾಡಿ. ಹಲ್ಲುಜ್ಜುವಾಗ ಒಂದೊಂದೇ ಕಾಲಿನ ಮೇಲೆ ನಿಂತು ಅಭ್ಯಾಸ ಮಾಡಿ, ಹತ್ತಿರ ಹಿಡಿದುಕೊಳ್ಳಲು ಏನಾದರೂ ಇರಲಿ. 65 ದಾಟಿದವರು ವಾರಕ್ಕೆ ಕಡಿಮೆ ಎಂದರೂ 150 ನಿಮಿಷ ಚುರುಕಾಗಿ ನಡೆಯುವಂಥ ಚಟುವಟಿಕೆ ಮಾಡಬೇಕು, ಎರಡು ದಿನ ಸ್ನಾಯುಗಳಿಗೆ, ಮೂರು ದಿನ ಸಮತೋಲನಕ್ಕೆ ಕೆಲಸ ಕೊಡಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನೀವು ಈಗಲೇ ಶುರು ಮಾಡಿ.

ಡಾಕ್ಟರ ಹತ್ತಿರ ಹೋಗಿ ‘ಬೈಕಿನಲ್ಲಿ ದಿನಕ್ಕೆ ಐದಾರು ತಾಸು’ ಎಂದೇ ಹೇಳಿ. ಬರೀ ‘ಪ್ರವಾಸ’ ಎಂದರೆ ಅವರು ಕಾರೋ ಬಸ್ಸೋ ಎಂದುಕೊಳ್ಳುತ್ತಾರೆ. ಗ್ಲಿಮೆಪಿರೈಡ್‌ನಂಥ ಸಕ್ಕರೆ ಮಾತ್ರೆ ನುಂಗಿ ಊಟ ತಡವಾದರೆ ಸಕ್ಕರೆ ತೀರ ಇಳಿಯಬಹುದು. ಕೈ ನಡುಗಿ, ಬೆವರಿ, ತಲೆ ಮಂಕಾಗುತ್ತದೆ. ಗಾಡಿ ಮೇಲೆ ಅದು ಆಗಬಾರದು. ಮೆಟ್‌ಫಾರ್ಮಿನ್ ಒಂದೇ ಆದರೆ ಆ ಭಯ ಕಡಿಮೆ. ನಿಮ್ಮದು ಯಾವುದೆಂದು ಕೇಳಿ ತಿಳಿದುಕೊಳ್ಳಿ, ಜೇಬಿನಲ್ಲಿ ಗ್ಲೂಕೋಸ್ ಇರಲಿ. ನೆಗಡಿ ಮಾತ್ರೆ ನಿದ್ದೆ ತರುತ್ತದೆ, ನುಂಗಿದ ದಿನ ಗಾಡಿ ಮುಟ್ಟಬೇಡಿ. ವಯಸ್ಸಾದಂತೆ ಬಾಯಾರಿಕೆ ಗೊತ್ತಾಗುವುದೂ ಕಡಿಮೆ. ದಾಹ ಆಗದಿದ್ದರೂ ತಾಸಿಗೊಮ್ಮೆ ನಿಲ್ಲಿಸಿ, ಇಳಿದು ನಡೆದು, ನೀರು ಕುಡಿಯಿರಿ. ಮೂತ್ರಕ್ಕೆ ಪದೇ ಪದೇ ಹೋಗಬೇಕಾದೀತು ಎಂದು ನೀರು ಬಿಡುವವರಿದ್ದಾರೆ, ಹಾಗೆ ಮಾಡಬೇಡಿ. ಕಣ್ಣಿನ ಪೊರೆ ಇದೆಯೇ ಎಂದು ತೋರಿಸಿ. ಎದುರಿನ ಲಾರಿಯ ಬೆಳಕಿಗೆ ಕುಕ್ಕಿದ ಕಣ್ಣು ಈ ವಯಸ್ಸಲ್ಲಿ ಬೇಗ ಸರಿಹೋಗುವುದಿಲ್ಲ. ದಿನಕ್ಕೆ 150 ಕಿ.ಮೀ. ಸಾಕು, ಮಧ್ಯಾಹ್ನ ಮೂರೂವರೆಗೆಲ್ಲ ರೂಮ್ ಹಿಡಿಯಿರಿ. ಕತ್ತಲಾದ ಮೇಲೆ ಬೇಡವೇ ಬೇಡ.

ಹೊರಡುವ ಮೊದಲು ಮನೆಯವರ ಕಣ್ಣೆದುರೇ ಅಭ್ಯಾಸ ಮಾಡಿ. ಮೊದಲು ಬನವಾಸಿಗೆ ಹೋಗಿಬನ್ನಿ. ಆಮೇಲೆ ಸಿದ್ದಾಪುರದ ಮೇಲೆ ಜೋಗಕ್ಕೆ. ಕೊನೆಗೆ ದೇವಿಮನೆ ಘಾಟ್ ಇಳಿದು ಕುಮಟಾ, ಅಂಕೋಲಾ, ಕಾರವಾರ. ಅದು ಒಂದು ಕಡೆಗೆ ಸುಮಾರು 120 ಕಿ.ಮೀ. ಘಾಟ್ ತೆರೆದಿದೆಯೇ ಎಂದು ಕೇಳಿಕೊಂಡು ಹೊರಡಿ. ಹತ್ತುವಾಗ ಯಾವ ಗೇರ್ ಬೇಕೋ ಇಳಿಯುವಾಗಲೂ ಅದೇ ಗೇರ್, ಬ್ರೇಕ್ ಒತ್ತಿ ಹಿಡಿದುಕೊಂಡೇ ಇಳಿಯಬೇಡಿ. ರಾತ್ರಿ ಕಾರವಾರದಲ್ಲಿ ಉಳಿದು ಮರುದಿನ ವಾಪಸ್ ಬನ್ನಿ. ಎರಡನೇ ದಿನ ಬೆಳಿಗ್ಗೆ ಗಾಡಿ ಹತ್ತುವಾಗ ನಿಮ್ಮ ಮೈ ಏನು ಹೇಳುತ್ತದೋ ಅದನ್ನು ನಂಬಿ. ಮಂಡಿ, ಸೊಂಟ ಬೇಡ ಎಂದರೆ ಕನ್ಯಾಕುಮಾರಿಯ ಬದಲು ಮುರುಡೇಶ್ವರಕ್ಕೆ ಹೋಗಿಬನ್ನಿ. ಅದೂ ಸಮುದ್ರದ ದಾರಿಯೇ, ಅದರಲ್ಲಿ ಸೋಲೇನಿಲ್ಲ. ಪ್ರತಿ ಸಲವೂ ಫೋನಿನಲ್ಲಿ ನೀವಿರುವ ಜಾಗ ಮಗನಿಗೆ ಕಾಣುವ ಹಾಗೆ ಮಾಡಿಟ್ಟುಕೊಳ್ಳಿ. ಎರಡು ಮೂರು ಸಲ ನೀವು ಹೇಳಿದ ಹೊತ್ತಿಗೆ ಮುಟ್ಟಿದ್ದನ್ನು ನೋಡಿದರೆ ಅವನು ಅರ್ಧ ಮೆತ್ತಗಾಗುತ್ತಾನೆ.

ಒಂದು ಮಾತು ಬಿಟ್ಟಿತ್ತು. ಗಾಡಿ 2010ರದ್ದು. ನೋಂದಣಿಯ 15 ವರ್ಷ 2025ಕ್ಕೆ ತುಂಬಿತು. ನವೀಕರಣ ಆಗದಿದ್ದರೆ ಬನವಾಸಿಗೂ ತೆಗೆಯಬೇಡಿ, ಅಪಘಾತವಾದರೆ ವಿಮೆಗೂ ತೊಂದರೆ. ಶಿರಸಿ ಆರ್‌ಟಿಒ ಕಚೇರಿಯಲ್ಲಿ ಮೊದಲು ಅದನ್ನು ಮುಗಿಸಿ. ಹಾಗೇ ಲೈಸೆನ್ಸ್ ತಾರೀಖನ್ನೂ ನೋಡಿಕೊಳ್ಳಿ, 55 ದಾಟಿದ ಮೇಲೆ ನವೀಕರಿಸಿದ್ದು ಐದೇ ವರ್ಷ ನಡೆಯುತ್ತದೆ. ನವೀಕರಣಕ್ಕೆ ಡಾಕ್ಟರ ಸರ್ಟಿಫಿಕೇಟ್ ಹೇಗೂ ಬೇಕು, ಆ ತಪಾಸಣೆಯನ್ನು ಸರಿಯಾಗಿಯೇ ಮಾಡಿಸಿ. ದೇವಿಮನೆ ಇಳಿದು ಬಂದ ಮೇಲೆ ಮಂಡಿ ಹೇಗಿತ್ತು, ಮನೆಯವರು ಏನೆಂದರು, ಬರೆದು ತಿಳಿಸಿ.