ಫೋರ್ ವೀಲ್ ಡ್ರೈವ್ ಪಿಕಪ್‌ನ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಭಾಗಗಳನ್ನು ಕಲಬುರಗಿಯ ಮನೆಯಂಗಳದಲ್ಲೇ ಬದಲಿಸಬಹುದೇ?

ಕೆಲವನ್ನು ಬದಲಿಸಬಹುದು. ಆಯಿಲ್, ಫಿಲ್ಟರ್, ಗ್ಯಾಸ್ಕೆಟ್ ಮತ್ತು ಬಹುತೇಕ ಮಾದರಿಗಳಲ್ಲಿ ಸೊಲೆನಾಯ್ಡ್‌ಗಳನ್ನು (ಆಯಿಲ್ ಹರಿವನ್ನು ನಿಯಂತ್ರಿಸುವ ವಿದ್ಯುತ್ ವಾಲ್ವ್‌ಗಳು) ಗೇರ್‌ಬಾಕ್ಸ್ ಇಳಿಸದೆ, ಕೆಳಗಿನ ಪ್ಯಾನ್ ಬಿಚ್ಚಿಯೇ ಬದಲಿಸಲು ಸಾಧ್ಯ. ಆದರೆ ಟಾರ್ಕ್ ಕನ್ವರ್ಟರ್ (ಎಂಜಿನ್ ಶಕ್ತಿಯನ್ನು ಆಯಿಲ್ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಭಾಗ) ಅಥವಾ ಒಳಗಿನ ಕ್ಲಚ್ ಪ್ಲೇಟುಗಳು ಕೆಟ್ಟಿದ್ದರೆ, ಮುಂದಿನ, ಹಿಂದಿನ ಚಕ್ರಗಳ ಕಡೆಗೆ ಶಕ್ತಿ ಒಯ್ಯುವ ಎರಡೂ ಪ್ರೊಪೆಲ್ಲರ್ ಶಾಫ್ಟ್‌ಗಳನ್ನು ಬಿಚ್ಚಿ, ಆ ಶಕ್ತಿಯನ್ನು ಹಂಚುವ ಟ್ರಾನ್ಸ್‌ಫರ್ ಕೇಸ್ ಸಮೇತ ಭಾರಿ ತೂಕದ ಗೇರ್‌ಬಾಕ್ಸನ್ನು ಇಳಿಸಬೇಕಾಗುವುದರಿಂದ, ಅದನ್ನು ವರ್ಕ್‌ಶಾಪಿಗೇ ಬಿಡಿ ಎಂದು ಒತ್ತಿ ಹೇಳುತ್ತೇನೆ.

ನಮ್ಮ ಅಂಗಳಗಳಲ್ಲಿ ಹಾಸಿರುವ ಶಹಾಬಾದ್ ಕಲ್ಲು ಜಾಕಿನ ಒತ್ತಡಕ್ಕೆ ಬಿರುಕು ಬಿಡಬಹುದು. ಆದ್ದರಿಂದ ದಪ್ಪ ಹಲಗೆಯ ಮೇಲೆ ಸ್ಟ್ಯಾಂಡ್ ಇಟ್ಟು, ಚಕ್ರಗಳಿಗೆ ತಡೆ ಕೊಡಿ. ಟ್ರಾನ್ಸ್‌ಫರ್ ಕೇಸ್ ನ್ಯೂಟ್ರಲ್‌ನಲ್ಲಿದ್ದರೆ ಗೇರ್ ಪಾರ್ಕಿಂಗ್‌ನಲ್ಲಿದ್ದರೂ ಗಾಡಿ ಉರುಳಬಹುದೆಂಬುದನ್ನು ಮರೆಯಬೇಡಿ.

ಹಳೆಯ ಆಯಿಲ್ ಇಳಿಸುವ ಮೊದಲು ಹೊಸತನ್ನು ತುಂಬುವ ರಂಧ್ರದ ಬೋಲ್ಟ್ ಸಡಿಲವಾಗುತ್ತದೆಯೇ ಎಂದು ನೋಡಿಕೊಳ್ಳಿ. ಪ್ಯಾನಿನ ಅಯಸ್ಕಾಂತಕ್ಕೆ ಅಂಟಿದ ನುಣುಪಾದ ಬೂದು ಕೆಸರು ಸಹಜ ಸವೆತದ್ದು. ಕಣ್ಣಿಗೆ ಕಾಣುವ ಲೋಹದ ಚೂರುಗಳಿದ್ದರೆ ಕೆಲಸ ಅಲ್ಲಿಗೇ ನಿಲ್ಲಿಸಿ, ಏಕೆಂದರೆ ಹೊಸ ಫಿಲ್ಟರ್ ಆ ಹಾನಿಯನ್ನು ಸರಿಪಡಿಸದು.

ಹೊಸ ಆಯಿಲ್ ತುಂಬಿದ ಮೇಲೆ, ಅದರ ಮಟ್ಟವನ್ನು ತಯಾರಕರು ಹೇಳಿದ ಉಷ್ಣತೆಯಲ್ಲಿ, ಸಾಮಾನ್ಯವಾಗಿ ಎಂಜಿನ್ ಚಾಲನೆಯಲ್ಲಿರುವಾಗಲೇ ನೋಡಬೇಕು. ಬೇಸಿಗೆಯಲ್ಲಿ ಇಲ್ಲಿನ ಬಿಸಿಲು 40 ಡಿಗ್ರಿ ದಾಟುತ್ತದೆ. ಮಧ್ಯಾಹ್ನ ಆಯಿಲ್ ತಯಾರಕರು ಹೇಳಿದ ಉಷ್ಣತೆಯನ್ನು ಬೇಗ ಮೀರಿ ಅಳತೆ ತಪ್ಪುವುದರಿಂದ, ಧೂಳೂ ಕಡಿಮೆಯಿರುವ ಬೆಳಗಿನ ಜಾವವೇ ಈ ಕೆಲಸಕ್ಕೆ ಯೋಗ್ಯ. ಟ್ರಾನ್ಸ್‌ಫರ್ ಕೇಸಿನ ಆಯಿಲ್ ಸಾಮಾನ್ಯವಾಗಿ ಬೇರೆಯೇ ಇರುತ್ತದೆ; ಅದನ್ನೂ ಕೈಪಿಡಿಯಲ್ಲಿ ನೋಡಿ ತನ್ನಿ.