ಹ್ಯಾಂಡ್‌ಪ್ಯಾನ್ ತರಿಸುವ ಮೊದಲು ನಿಮ್ಮ ಹಾಡುಗಳ ಸ್ವರ ಬರೆದಿಟ್ಟುಕೊಳ್ಳಿ

ಊರಲ್ಲಿ ಯಾರ ಹತ್ತಿರವೂ ಇಲ್ಲದ, ಬೇಗ ಕೈಗೆ ಹತ್ತುವ ವಾದ್ಯ ಬೇಕು. ಬರಿಗೈಯಲ್ಲಿ ನುಡಿಸುವ ಉಕ್ಕಿನ ಹ್ಯಾಂಡ್‌ಪ್ಯಾನ್, ಹೆಬ್ಬೆರಳಲ್ಲಿ ಕಡ್ಡಿ ಮೀಟುವ ಕಲಿಂಬಾ, ಮುಟ್ಟದೆಯೇ ನುಡಿಸುವ ವಿದ್ಯುತ್ ವಾದ್ಯ ಥೆರೆಮಿನ್, ಈ ಮೂರರಲ್ಲಿ ಯಾವುದು ತರಲಿ ಅಂತ ಕೇಳಿದ್ದೀರಿ. ನಾಲ್ಕು ವರ್ಷದ ಹಿಂದೆ ನಾನೂ ಇದನ್ನೇ ಹುಡುಕುತ್ತಾ ಕೂತಿದ್ದೆ. ಆ ವರ್ಷ ಅಡಿಕೆ ಮಾರಿದ ದುಡ್ಡಿನಲ್ಲಿ 48,000 ರೂಪಾಯಿ ಕೊಟ್ಟು ಹ್ಯಾಂಡ್‌ಪ್ಯಾನ್ ತರಿಸಿದೆ.

ನಮ್ಮ ಮನೆ ಕಾಸರಗೋಡಿನ ಬದಿಯಡ್ಕದ ಹತ್ತಿರ. ಶನಿವಾರ ಸಂಜೆ ಭಜನಾ ಮಂದಿರದಲ್ಲಿ ಸೇರುತ್ತೇವೆ. ಹಾರ್ಮೋನಿಯಂ, ತಬಲಾ, ತಾಳ ಇಷ್ಟೇ. ಅದರ ಜೊತೆ ಹ್ಯಾಂಡ್‌ಪ್ಯಾನ್ ಸೇರಿದರೆ ಎಷ್ಟು ಚೆನ್ನ ಅನ್ನುವುದು ನನ್ನ ಆಸೆ. ಇದರ ಮೂಲ ರೂಪ 'ಹಾಂಗ್' ಅನ್ನುವ ವಾದ್ಯ. 2000ದಲ್ಲಿ ಸ್ವಿಟ್ಜರ್ಲೆಂಡಿನ ಬರ್ನ್‌ನಲ್ಲಿ ಫೆಲಿಕ್ಸ್ ರೋನರ್ ಮತ್ತು ಸಬಿನಾ ಶೇರರ್ ಮಾಡಿದ್ದು. ಅವರು ಅದಕ್ಕೂ ಮೊದಲು ಟ್ರಿನಿಡಾಡ್ ಮೂಲದ, ಕೋಲಿನಲ್ಲಿ ಬಾರಿಸುವ ಸ್ಟೀಲ್‌ಪ್ಯಾನ್ ಮಾಡುತ್ತಿದ್ದವರು. ನಮ್ಮ ಘಟ ನುಡಿಸುತ್ತಿದ್ದ ಅಲ್ಲಿನ ಒಬ್ಬ ವಾದಕರು, ಘಟದ ಹಾಗೆ ಬರಿಗೈಯಲ್ಲಿ ನುಡಿಸುವ, ಆದರೆ ಸ್ವರಗಳೂ ಇರುವ ವಾದ್ಯ ಆಗುತ್ತದಾ ಅಂತ ಕೇಳಿದ್ದರಿಂದ ಇದು ಹುಟ್ಟಿತು. ಅದನ್ನು ಓದಿದ ಮೇಲೆ ನನಗೆ ಇದು ಪರದೇಶದ್ದು ಅಂತ ಅನಿಸಲೇ ಇಲ್ಲ.

ಪೆಟ್ಟಿಗೆ ಬಂದದ್ದು ಜೂನ್ ತಿಂಗಳಲ್ಲಿ, ಹೊರಗೆ ಧೋ ಅಂತ ಮಳೆ. ಎರಡು ಉಕ್ಕಿನ ಬಾಣಲೆಗಳನ್ನು ಬಾಯಿಗೆ ಬಾಯಿ ಇಟ್ಟು ಅಂಟಿಸಿದ ಹಾಗಿತ್ತು. ನಡುವೆ ಒಂದು ಉಬ್ಬು, ಸುತ್ತ ಎಂಟು ತಗ್ಗು. ಬೆರಳ ತುದಿ ತಾಗಿಸಿ ತಕ್ಷಣ ಎತ್ತಬೇಕು. ಒತ್ತಿ ಹಿಡಿದರೆ ನಾದ ಅಲ್ಲೇ ಸಾಯುತ್ತದೆ. ಎತ್ತಿದರೆ ಮಳೆಯ ಸದ್ದಿನ ನಡುವೆಯೂ ಎಷ್ಟೋ ಹೊತ್ತು ಉಳಿಯುತ್ತದೆ. ಆ ರಾತ್ರಿ ನಾನು ಮಲಗಿದ್ದು ಎರಡು ಗಂಟೆಗೆ.

ಶನಿವಾರ ಮಂದಿರಕ್ಕೆ ಹೊತ್ತುಕೊಂಡು ಹೋದೆ. ನಮ್ಮ ಶ್ರುತಿ ಕಪ್ಪು ಒಂದು, ಅಂದರೆ ನಾವು ಸ ಇಟ್ಟುಕೊಳ್ಳುವುದು ಹಾರ್ಮೋನಿಯಂನ ಮೊದಲ ಕಪ್ಪು ಕೀಗೆ. ನನ್ನ ಪ್ಯಾನ್ ಬಿಳಿ ಎರಡು, ಅದರ ಪಕ್ಕದ ಎರಡನೇ ಬಿಳಿ ಕೀ. ಅರ್ಧ ಸ್ವರದ ವ್ಯತ್ಯಾಸ, ಕಿವಿಗೆ ಗರಗಸ ಹಾಕಿದ ಹಾಗೆ. ಹಾರ್ಮೋನಿಯಂ ಮಾಷ್ಟ್ರು ಸಿಟ್ಟು ಮಾಡಲಿಲ್ಲ. "ಅಡ್ಡಿಲ್ಲ, ನಾವೇ ಬಿಳಿ ಎರಡಕ್ಕೆ ಬರುವ" ಅಂದರು. ಹಾಡು ಮೋಹನ ರಾಗದ್ದು. ಸ ಸಿಕ್ಕಿತು, ರಿ ಸಿಕ್ಕಿತು. ಗ ಇಲ್ಲ. ಪ ಇದೆ, ದ ಇಲ್ಲ. ಐದೇ ಸ್ವರದ ರಾಗದಲ್ಲಿ ಎರಡು ಇಲ್ಲ ಅಂದರೆ ಏನು ನುಡಿಸುವುದು?

ನನ್ನ ತಪ್ಪು ಇಲ್ಲಿದೆ, ಸ್ವಲ್ಪ ಬಿಡಿಸಿ ಹೇಳುತ್ತೇನೆ. ಮಾರುವವರ ಪುಟದಲ್ಲಿ 'ಡಿ ಕುರ್ಡ್' ಅಂತ ಬರೆದಿತ್ತು. ನಾನು ಅದನ್ನು ಮಾಡೆಲಿನ ಹೆಸರು ಅಂದುಕೊಂಡೆ. ಅದು ಮಾಡೆಲ್ ಅಲ್ಲ, ಸ್ವರಪಟ್ಟಿ. ಡಿ ಅಂದರೆ ಬಿಳಿ ಎರಡು. ಅದನ್ನು ಸ ಅಂತ ಹಿಡಿದರೆ ಅದರಲ್ಲಿರುವುದು ನಮ್ಮ ನಠಭೈರವಿ ರಾಗದ ಸ್ವರಗಳು: ಸಾಧಾರಣ ಗಾಂಧಾರ, ಶುದ್ಧ ಧೈವತ. ಮೋಹನಕ್ಕೆ ಬೇಕಾದ್ದು ಅಂತರ ಗಾಂಧಾರ, ಚತುಶ್ರುತಿ ಧೈವತ, ಅಂದರೆ ಅರ್ಧ ಸ್ವರ ಮೇಲಿನ ಗ ಮತ್ತು ದ. ಹಾರ್ಮೋನಿಯಂನಲ್ಲಾದರೆ ಪಕ್ಕದ ಕೀ ಒತ್ತಿದರಾಯಿತು. ವೀಣೆಯಾದರೆ ಪಕ್ಕದ ಮೆಟ್ಟಿಲು ಇದೆ. ಮೋರ್ಸಿಂಗ್‌ಗೂ ಅದರ ಲೋಹದ ನಾಲಗೆಯ ತುದಿಗೆ ಚೂರು ಜೇನುಮೇಣ ಹಚ್ಚಿ ಶ್ರುತಿ ಇಳಿಸಬಹುದು. ಹ್ಯಾಂಡ್‌ಪ್ಯಾನಿನಲ್ಲಿ ಅದ್ಯಾವುದೂ ಇಲ್ಲ. ಒಂದೊಂದು ತಗ್ಗನ್ನೂ ಸುತ್ತಿಗೆಯಲ್ಲಿ ಬಡಿದು ಬಡಿದು ಮೂರು ನಾದ ಕೂಡಿಸಿರುತ್ತಾರೆ: ಮೂಲ ಸ್ವರ, ಅದರ ಮೇಲಿನ ಸ್ಥಾಯಿ, ಅದಕ್ಕೂ ಮೇಲಿನ ಪಂಚಮ. ಆ ಮೂರೂ ಸೇರಿದ್ದಕ್ಕೇ ಅಷ್ಟು ಇಂಪು. ಹಾಗಾಗಿ ಒಮ್ಮೆ ಕೂತ ಸ್ವರವನ್ನು ಮನೆಯಲ್ಲಿ ಕದಲಿಸಲು ಸಾಧ್ಯವಿಲ್ಲ. ನೀವು ಕೊಳ್ಳುವುದು ಒಂಬತ್ತು ಸ್ವರ, ಜೀವನಪರ್ಯಂತ ಆ ಒಂಬತ್ತೇ. ಆ ಒಂದು ಪದದ ಅರ್ಥ ಕೇಳಲು ನಾನು ಒಂದು ಫೋನ್ ಮಾಡಲಿಲ್ಲ.

ದಾರಿ ಹುಡುಕಿದ್ದು ಮಾಷ್ಟ್ರು. ಮರುದಿನ ಅವರ ಮನೆ ಚಾವಡಿಯಲ್ಲಿ ಕೂತು ನನ್ನ ಒಂದೊಂದು ಸ್ವರವನ್ನೂ ಹಾರ್ಮೋನಿಯಂನಲ್ಲಿ ಗುರುತು ಮಾಡಿದರು. ಆಮೇಲೆ "ಸ ಅನ್ನು ಬಿಳಿ ನಾಲ್ಕಕ್ಕೆ ಇಟ್ಟು ನೋಡು" ಅಂದರು. ನೋಡಿದೆ. ಮೋಹನದ ಐದೂ ಸ್ವರ ಅಲ್ಲೇ ಇದ್ದವು! ಹೀಗೆ ಸ ಅನ್ನು ಬೇರೆ ಸ್ವರಕ್ಕೆ ಸರಿಸಿ ಬೇರೆ ರಾಗ ಪಡೆಯುವುದಕ್ಕೆ ಗ್ರಹಭೇದ ಅಂತ ಹೆಸರು ಕೇಳಿದ್ದೆ, ಬೆರಳಿಗೆ ತಾಗಿದ್ದು ಅವತ್ತೇ. ಆದರೆ ಸ ಮೇಲೆ ಗ ವರೆಗೆ ಮಾತ್ರ ಉಂಟು, ಪ ಮತ್ತು ದ ಕೆಳಗಿನವು. ಮೇಲಿನ ಪಂಚಮ ಮುಟ್ಟುವ ಹಾಡು ಆಗುವುದಿಲ್ಲ. ನಾವು ಹಾಡುವ ನಲವತ್ತು ಭಜನೆಗಳಲ್ಲಿ ಎರಡು ಸಿಕ್ಕಿದವು.

ಅದಕ್ಕೇ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಯಾರ ಹತ್ತಿರವೂ ಇಲ್ಲದ್ದು ಬೇಕು ಅಂತ ಹೊರಟರೆ ಒಬ್ಬರೇ ಕೂತು ನುಡಿಸಬೇಕಾಗುತ್ತದೆ. ಯಾರ ಜೊತೆ ನುಡಿಸುತ್ತೀರಿ, ಅವರ ಶ್ರುತಿ ಯಾವುದು, ಅದನ್ನು ಮೊದಲು ನೋಡಿ. ಹತ್ತು ಹಾಡಿನ ಸ್ವರ ಕಾಗದದಲ್ಲಿ ಬರೆದು ಮಾರುವವರಿಗೆ ಕಳಿಸಿ. ಇಷ್ಟು ಸ್ವರ ಇರುವ ಪ್ಯಾನ್ ಇದೆಯಾ ಅಂತ ಕೇಳಿ. ಇಲ್ಲ ಅಂದರೆ ಬಿಟ್ಟುಬಿಡಿ.

ನನ್ನ ಮಾತು ಕೇಳುವುದಾದರೆ ಕಲಿಂಬಾ ತನ್ನಿ. ಜಿಂಬಾಬ್ವೆಯ ಎಂಬಿರಾ ಅನ್ನುವ ಹಳೆಯ ವಾದ್ಯದ ಕಡೆಯದು. ಹದಿನೇಳು ಕಡ್ಡಿಯದ್ದು ಸಾಮಾನ್ಯವಾಗಿ ಬಿಳಿ ಒಂದರ ಶಂಕರಾಭರಣಕ್ಕೆ ಕೂಡಿಸಿ ಬರುತ್ತದೆ. ಸಣ್ಣ ಸುತ್ತಿಗೆಯಲ್ಲಿ ಕಡ್ಡಿಯನ್ನು ಒಳಗೆ ತಳ್ಳಿದರೆ ಸ್ವರ ಏರುತ್ತದೆ, ಹೊರಗೆ ಎಳೆದರೆ ಇಳಿಯುತ್ತದೆ. ಮ ಏರಿಸಿದರೆ ಕಲ್ಯಾಣಿ. ರಿ, ದ ಇಳಿಸಿದರೆ ನಾವೆಲ್ಲ ಸರಳೆ ವರಸೆ ಕಲಿತ ಮಾಯಾಮಾಳವಗೌಳ. ಥೆರೆಮಿನ್‌ನಲ್ಲಿ ಎಲ್ಲ ಸ್ವರವೂ ಇದೆ, ಆದರೆ ಗಾಳಿಯಲ್ಲಿ ಕೈ ಆಡಿಸಿ ಹುಡುಕಬೇಕು. ಕಿವಿ ಪಳಗಿರದಿದ್ದರೆ ಅದು ಬೇಗ ಬರುವುದಲ್ಲ.

ನನ್ನ ಪ್ಯಾನ್ ಮಾರಲಿಲ್ಲ. ಪ್ರತಿ ಸಲ ನುಡಿಸಿ ಬೆವರು ಒರೆಸಿಡುತ್ತೇನೆ, ನಮ್ಮ ಮಳೆಗಾಲಕ್ಕೆ ಉಕ್ಕು ತುಕ್ಕು ಹಿಡಿಯುತ್ತದೆ. ಶನಿವಾರ ಮಂದಿರಕ್ಕೂ ಒಯ್ಯುತ್ತೇನೆ. ಭಜನೆ ಪೂರ್ತಿ ಅದು ಬಟ್ಟೆ ಸುತ್ತಿಕೊಂಡು ನನ್ನ ಪಕ್ಕ ಇರುತ್ತದೆ, ನಾನು ತಾಳ ಹಾಕುತ್ತೇನೆ. ಕೊನೆಯ ಹಾಡು ಮಧ್ಯಮಾವತಿ. ಸ ರಿ ಮ ಪ ನಿ, ಐದೂ ಬಿಳಿ ಎರಡರಲ್ಲೇ ಇವೆ. ಮಾಷ್ಟ್ರು ಕಪ್ಪು ಒಂದು ಬಿಟ್ಟು ಬಿಳಿ ಎರಡಕ್ಕೆ ಬೆರಳು ಸರಿಸಿ ನನ್ನ ಕಡೆ ನೋಡುತ್ತಾರೆ. ನಾನು ಬಟ್ಟೆ ತೆಗೆಯುತ್ತೇನೆ.